ಮೂರು ಸಲ ತೊಳೆದ ಬಾಟಲಿ

ಅವರ ಹೆಬ್ಬೆರಳಿನಲ್ಲಿ ಗೆರೆಗಳಿರಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ, ಅದಿರು ಪರೀಕ್ಷಿಸುವ ಕೋಣೆಯಲ್ಲಿ ಮೂವತ್ತು ವರ್ಷ ಆಸಿಡ್ ಜೊತೆ ಕೆಲಸ ಮಾಡಿ ಬೆರಳ ತುದಿಗಳು ಗಾಜಿನಂತೆ ನುಣುಪಾಗಿದ್ದವು. ನಿವೃತ್ತರಾಗಿ ಲಿಂಗಸುಗೂರಿಗೆ ಬಂದ ಮೇಲೆ ಪಿಂಚಣಿಗಾಗಿ ಪ್ರತಿ ವರ್ಷ ತಾವು ಬದುಕಿದ್ದೇವೆಂದು ತೋರಿಸಬೇಕಿತ್ತು. ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಸಾಲಿನಲ್ಲಿದ್ದವರು ಯಂತ್ರವನ್ನು ಬೈದರೆ ಅವರು ತಡೆಯುತ್ತಿದ್ದರು. "ಸಂಶೇ ಪಡೋದು ಅದರ ಕೆಲಸ. ಮಾಡ್ಲಿ ಬಿಡ್ರಿ."

ಅವರ ಕೆಲಸವೂ ಅದೇ ಆಗಿತ್ತು. ಸೋಮವಾರ ಬೆಳಿಗ್ಗೆ ಮೊಪೆಡ್ಡಿಗೆ ಚೀಲ ಕಟ್ಟಿಕೊಂಡು, ಚೀಲದಲ್ಲಿ ಹಳೆಯ ಪತ್ರಿಕೆ ಸುತ್ತಿದ ಗಾಜಿನ ಬಾಟಲಿ ಇಟ್ಟುಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದರು. ಒಮ್ಮೆ ಗುರುಗುಂಟಾ ಕಡೆ, ಒಮ್ಮೆ ಮಸ್ಕಿ ಕಡೆ, ಒಮ್ಮೆ ಸಿಂಧನೂರಿನ ಕಾಲುವೆ ಭಾಗಕ್ಕೆ. ಬಾವಿ, ಬೋರು, ಹಳ್ಳ, ಎಲ್ಲಿ ಜನ ಕುಡಿಯುತ್ತಾರೋ ಅಲ್ಲಿಯ ನೀರು ತಂದು ಪರೀಕ್ಷೆಗೆ ಕಳಿಸುತ್ತಿದ್ದರು. ಚರ್ಚಿನವರಿಗೆ ಅವರು ಸಭೆಯ ಹಿರಿಯರು. ಊರಿನವರಿಗೆ ಬಾಟ್ಲಿ ಪಾದ್ರಿ. ಅವರು ಪಾದ್ರಿಯಲ್ಲ ಎಂದು ಯಾರೂ ತಿದ್ದಲಿಲ್ಲ, ಅವರೂ ತಿದ್ದಲಿಲ್ಲ.

ತಮ್ಮ ಸಭೆಯವರನ್ನೂ ಅವರು ಸುಮ್ಮನೆ ಬಿಟ್ಟವರಲ್ಲ. ಚರ್ಚಿನ ಸುಗ್ಗಿ ಹಬ್ಬದಲ್ಲಿ ರೈತರು ಮೊದಲ ಬೆಳೆ ತಂದು ದೇವರ ಮುಂದೆ ಇಡುತ್ತಾರೆ, ಆಮೇಲೆ ಅದನ್ನು ಹರಾಜು ಹಾಕುತ್ತಾರೆ. ಬದನೆಕಾಯಿ ಬುಟ್ಟಿ ತಂದವನೊಬ್ಬನನ್ನು ಅವರು ಬಾಗಿಲಲ್ಲೇ ನಿಲ್ಲಿಸಿ, ಎಷ್ಟು ಸಲ ಎಣ್ಣೆ ಹೊಡೆದಿದ್ದೀ ಎಂದು ಕೇಳಿದರು. ಕೀಟನಾಶಕಕ್ಕೆ ನಮ್ಮ ಕಡೆ ಹಾಗೇ ಹೇಳುತ್ತಾರೆ.

"ದೇವರಿಗೆ ಕೊಡೋದಕ್ಕೂ ಪರೀಕ್ಷಾ ಏನ್ರಿ?" ಎಂದ ರೈತ.

"ದೇವರು ತಿನ್ನಾಂಗಿಲ್ಲಪಾ. ಹುಡುಗ್ರು ತಿಂತಾವ."

ಚುನಾವಣೆಯ ವರ್ಷ ಕ್ರಿಸ್‌ಮಸ್‌ಗೆ ನಾಯಕರೊಬ್ಬರು ಕೇಕ್ ಕತ್ತರಿಸಲು ಬಂದಿದ್ದರು. ನಾನೂ ಪತ್ರಿಕೆಯ ವರದಿಗೆ ಹೋಗಿದ್ದೆ. ಕೇಕಿನ ಪಕ್ಕ ಹಿರಿಯರು ಒಂದು ಬಾಟಲಿ ಹಳ್ಳದ ನೀರು ತಂದಿಟ್ಟರು. "ನೀವು ಇದನ್ನ ಕುಡೀರಿ ಸಾಹೇಬ್ರ, ನಾವು ವೋಟು ಹಾಕ್ತೀವಿ," ಎಂದರು. ನಾಯಕರು ನಕ್ಕರು. ಸುತ್ತಲಿದ್ದವರು ಅದಕ್ಕಿಂತ ಜೋರಾಗಿ ನಕ್ಕರು. ಹಿರಿಯರು ನಗದೆ ಬಾಟಲಿ ತೆಗೆದುಕೊಂಡು ಒಳಗೆ ಹೋದರು. ನಮ್ಮ ವೋಟು ಕೇಳಲು ಬರುವವರ ಬಗ್ಗೆ ಹೆದರಿಕೆಯಿಲ್ಲ, ನಮ್ಮ ಪ್ರಾರ್ಥನೆ ಕೇಳಲು ಬರುವವರ ಮೇಲೆ ಕಣ್ಣಿಡಬೇಕು ಎಂದು ಆಮೇಲೆ ಹೇಳಿದರು.

ಇಷ್ಟೆಲ್ಲ ಕಂಡಿದ್ದರೂ ನನಗೆ ಅವರ ಮೇಲೆ ಸಂಶಯವಿತ್ತು. ಸಂಬಳವಿಲ್ಲದೆ, ಹುದ್ದೆಯಿಲ್ಲದೆ ಒಬ್ಬ ಮನುಷ್ಯ ವಾರ ವಾರ ಹಳ್ಳಿ ಸುತ್ತುತ್ತಾನೆಂದರೆ ಏನೋ ಇರಬೇಕು ಎಂದು ಪತ್ರಕರ್ತನ ಬುದ್ಧಿ ಹೇಳುತ್ತಿತ್ತು.

ಆ ಬುದ್ಧಿಯಿಂದಲೇ ನಾನು ತಪ್ಪು ಮಾಡಿದೆ. ಮಸ್ಕಿ ದಾರಿಯ ಒಂದು ಹಳ್ಳಿಯಲ್ಲಿ ಹಳ್ಳದ ದಂಡೆಗೆ ಕುಡಿಯುವ ನೀರಿನ ಬಾವಿಯಿದೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು. ಗದ್ದೆಯ ನೀರು ಬಸಿದು ಹಳ್ಳಕ್ಕೆ ಬರುತ್ತದೆ. ಎಣ್ಣೆ ಹೊಡೆಯುವ ಮುಂಚೆ ಒಂದು ಬಾಟಲಿ, ಹೊಡೆದ ವಾರದಲ್ಲಿ ಇನ್ನೊಂದು, ಎರಡನ್ನೂ ಪರೀಕ್ಷೆ ಮಾಡಿಸಿ ಅರ್ಜಿ ಕೊಡಬೇಕೆಂಬುದು ಅವರ ಲೆಕ್ಕ. ಮೊದಲ ಬಾಟಲಿ ತುಂಬಲು ಹೋದಾಗ ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದರು.

ಮಾದರಿ ತೆಗೆಯುವವರು ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಚೆಲ್ಲುತ್ತಾರೆ. ಯಾವ ಕೆಲಸಕ್ಕೂ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿ ಪ್ರಾರ್ಥಿಸುವುದು ಹಿರಿಯರಿಗೆ ಗಣಿಯ ಪಾಳಿಯ ದಿನಗಳಿಂದ ಬಂದ ರೂಢಿ. ವಿಡಿಯೊದಲ್ಲಿ ಕಂಡದ್ದು ಇಷ್ಟೇ: ಒಬ್ಬ ಕ್ರೈಸ್ತ ಮುದುಕ ಬಾವಿಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾನೆ, ಬಾಟಲಿಯಿಂದ ಮೂರು ಸಲ ನೀರು ಸುರಿಯುತ್ತಾನೆ. ಬಾವಿಗೆ ಮಂತ್ರದ ನೀರು ಹಾಕಿದ್ದಾರೆಂಬ ಮಾತಿನೊಂದಿಗೆ ಅದು ಮಧ್ಯಾಹ್ನದೊಳಗೆ ನನ್ನ ಫೋನಿಗೂ ಬಂತು. ಪತ್ರಿಕೆಯ ಡೆಸ್ಕಿನವರು ಆರು ಗಂಟೆಯೊಳಗೆ ಸುದ್ದಿ ಬೇಕೆಂದರು. ನಾನು ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ ವಿಡಿಯೊ ನೋಡಿದವರು, ಬಾವಿಯ ಹತ್ತಿರ ಇದ್ದವರಲ್ಲ. ನಾಲ್ಕು ಪ್ಯಾರಾ ಬರೆದೆ. ಪ್ರತಿ ಪ್ಯಾರಾದ ಕೊನೆಗೆ ಎನ್ನಲಾಗಿದೆ ಎಂದು ಸೇರಿಸಿದೆ.

ಊರವರು ಅವರನ್ನು ಹೊಡೆಯಲಿಲ್ಲ. ಇನ್ನು ಮುಂದೆ ಬಾವಿ ಕಡೆ ಬರಬೇಡಿ ಎಂದರು, ಅಷ್ಟೇ. ಅಷ್ಟು ಸಾಕಾಗಿತ್ತು. ಎಣ್ಣೆ ಹೊಡೆಯಲು ಮೂರು ವಾರವಿತ್ತು. ಎರಡನೆಯ ಬಾಟಲಿ ಇಲ್ಲದೆ ಮೊದಲನೆಯದು ಏನನ್ನೂ ಹೇಳುವುದಿಲ್ಲ. ಆ ಬಾವಿಯ ನೀರನ್ನೇ ಶಾಲೆಯ ಮಕ್ಕಳೂ ಕುಡಿಯುತ್ತಿದ್ದರು.

ಮರುದಿನ ಅವರು ಪತ್ರಿಕೆಯ ತುಣುಕು ಹಿಡಿದು ನನ್ನ ಕಚೇರಿಗೆ ಬಂದರು. ಕುಳಿತುಕೊಳ್ಳಿ ಎಂದೆ. ಕೂಡಲಿಲ್ಲ.

"ನೀ ಅಲ್ಲಿ ಇದ್ದೇನು ತಮ್ಮಾ?"

"ಇರ್ಲಿಲ್ರಿ."

"ಮತ್ತ ಅಂದವರ್ಯಾರು?"

ಅವರು ತುಣುಕನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಎಣ್ಣೆ ಹೊಡೆದ ವಾರ ನಾನೇ ಆ ಹಳ್ಳಿಗೆ ಹೋದೆ. ಬಾವಿಯ ಹತ್ತಿರ ಒಬ್ಬ ಮುದುಕಿ ಕೊಡ ತುಂಬುತ್ತಿದ್ದಳು. ಆ ದಿನ ಇಲ್ಲಿದ್ದೆಯಾ ಎಂದು ಕೇಳಿದೆ. ಇದ್ದಳು. ಪೂರ್ತಿ ನೋಡಿದ್ದಳು. ಬಾವಿಯೊಳಗೆ ಒಂದು ಹನಿಯೂ ಬೀಳಲಿಲ್ಲ, ಹೊರಗೆ ಎಮ್ಮೆ ಕಟ್ಟುವಲ್ಲಿ ಚೆಲ್ಲಿದರು ಎಂದಳು. ಇದನ್ನು ಊರಲ್ಲಿ ಯಾಕೆ ಹೇಳಲಿಲ್ಲ ಎಂದೆ.

"ಕೇಳಿದ್ರ ಹೇಳ್ತಿದ್ದೆ ಯಪ್ಪಾ. ನನ್ನ ಯಾರು ಕೇಳ್ಯಾರ?"

ಬಾಟಲಿ ಮೂರು ಸಲ ತೊಳೆದು, ತುಂಬಿ, ಲಿಂಗಸುಗೂರಿಗೆ ಒಯ್ದು ಅವರ ಮುಂದಿಟ್ಟೆ. ಕ್ಷಮೆ ಸಿಗುತ್ತದೆಂದುಕೊಂಡಿದ್ದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆಗೇ ಸರಿಸಿದರು.

"ಇದು ಆ ಬಾವಿ ನೀರು ಅಂತ ನಾ ಹ್ಯಾಂಗ ನಂಬ್ಲಿ? ನೀ ಹೇಳಾಕತ್ತಿ, ಅಷ್ಟ."

ಅಂದೇ ಮತ್ತೆ ಹೋದೆ. ಮುದುಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇನ್ನೊಂದು ಬಾಟಲಿ ತುಂಬಿದೆ. ಚೀಟಿಯ ಮೇಲೆ ಸಮಯ ಬರೆದು ನನ್ನ ಸಹಿ ಮಾಡಿದೆ, ಅವಳ ಹೆಬ್ಬೆಟ್ಟು ಒತ್ತಿಸಿದೆ. ಹಿರಿಯರು ಆ ಹೆಬ್ಬೆಟ್ಟಿನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಬಾಟಲಿ ಒಳಗೆ ಇಟ್ಟುಕೊಂಡರು.

ಆ ನೀರು ಕುಡಿಯಲು ಯೋಗ್ಯವಲ್ಲವೆಂದು ವರದಿ ಬಂತು. ನನ್ನ ತಿದ್ದುಪಡಿ ಒಳಪುಟದಲ್ಲಿ ಒಂದು ಬೆರಳಿನಷ್ಟು ಜಾಗದಲ್ಲಿ ಬಂತು. ವಿಡಿಯೊ ನೋಡಿದವರಲ್ಲಿ ಎಷ್ಟು ಜನ ಅದನ್ನು ಓದಿದರೋ ಗೊತ್ತಿಲ್ಲ. ಕೆಲವು ತಿಂಗಳ ಮೇಲೆ ಅಧಿಕಾರಿಗಳು ಬಾವಿಗೆ ಮುಳ್ಳಿನ ಬೇಲಿ ಹಾಕಿ ಊರಿಗೆ ಟ್ಯಾಂಕರ್ ಕಳಿಸಿದರು. ಮೊದಲ ದಿನವೇ ಹಿರಿಯರು ಟ್ಯಾಂಕರಿನ ನಲ್ಲಿಗೆ ಬಾಟಲಿ ಹಿಡಿದು ನಿಂತಿದ್ದರಂತೆ. ಇದನ್ನು ನಾನು ನೋಡಿಲ್ಲ. ಮುದುಕಿ ಹೇಳಿದ್ದು.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿಯೂ ಫೋನಿಗೇ ಬಂತು, ಫೋಟೊ ಸಮೇತ. ಡೆಸ್ಕಿನವರು ನಾಲ್ಕು ಸಾಲು ಕೇಳಿದರು. ಹೋಗಿ ಬರುತ್ತೇನೆ ಎಂದೆ. ಫೋಟೊ ಬಂದಿದೆಯಲ್ಲ ಎಂದರು. ಆದರೂ ಹೋದೆ. ಆಗ ಮಸ್ಕಿಯಲ್ಲಿದ್ದೆ, ಬಸ್ಸು ತಡವಾಯಿತು. ಅವರ ಮನೆಯ ಮುಂದೆ ಜನ ಹಾಡಿ ಮುಗಿಸಿ ಕಾಯುತ್ತಿದ್ದರು. ಪೆಟ್ಟಿಗೆ ಇನ್ನೂ ತೆರೆದೇ ಇತ್ತು. ಅವರ ಮಗಳು ಬಾಗಿಲಿಗೆ ಬಂದಳು.

"ನೀವು ಬಂದು ನೋಡೋತನಕ ಮುಚ್ಚಬ್ಯಾಡ್ರಿ ಅಂತ ಹೇಳಿದ್ದ ಅಪ್ಪ," ಎಂದಳು. "ನೋಡದ ಇದ್ರ ಆ ಪೇಪರಿನ ಹುಡುಗ ಬರಿಯಾಂಗಿಲ್ಲ ಅಂದಿದ್ದ."

ಒಳಗೆ ಹೋಗಿ ನೋಡಿದೆ. ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು, ಗೆರೆಯಿಲ್ಲದ ಆ ಹೆಬ್ಬೆರಳನ್ನು ನೋಡಿದೆ. ಆಮೇಲೆ ಕಟ್ಟೆಯ ಮೇಲೆ ಕುಳಿತು ನಾಲ್ಕು ಸಾಲು ಬರೆದೆ.