ನಿಲ್ಲದೆ ಹೋದ ಟ್ಯಾಂಕರ್

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಸ್ಟೀರಿಂಗ್ ಹಿಡಿದ ವರ್ಷವೇ ಊರು ಅದನ್ನು ಮರೆತು 'ಟ್ಯಾಂಕರಕ್ಕ' ಎಂದು ಕರೆಯತೊಡಗಿತು. ನೀರಿನ ಕಚೇರಿಯ ಟ್ಯಾಂಕರ್ ಓಡಿಸುತ್ತಿದ್ದ ಗಂಡ ಟೈರ್ ಬದಲಿಸುವಾಗ ಬೆನ್ನು ಹಿಡಿದುಕೊಂಡು ಹಾಸಿಗೆ ಸೇರಿದ್ದ. ಮನೆಯಲ್ಲಿ ಲಾರಿ ಓಡಿಸಲು ಬರುತ್ತಿದ್ದ ಇನ್ನೊಂದು ಜೀವವೆಂದರೆ ಆಕೆಯೇ. "ಹೆಂಗಸು ಓಡಿಸೋ ಗಾಡಿ, ದೂರ ನಿಲ್ರಪ್ಪೋ" ಎಂದು ನಕ್ಕವರೇ ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ಅದೇ ಗಾಡಿಗೆ ಅಡ್ಡ ನಿಂತು, "ಅಕ್ಕಾ, ನಮ್ಮ ಬೀದಿಗೊಂದು ಸಲ ಬಾರಕ್ಕಾ" ಎಂದು ಗೋಗರೆಯುತ್ತಿದ್ದರು.

ಆ ಟ್ಯಾಂಕರಿಗೊಂದು ಕೆಟ್ಟ ಚಾಳಿ. ಮೇಲಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ತಿರುವಿನಲ್ಲಿ ಗಾಡಿ ಹೊರಳಿದರೆ ನೀರು ತುಳುಕಿ ರಸ್ತೆಗೆ ಬೀಳುತ್ತಿತ್ತು. ಕಚೇರಿಗೆ ಹೇಳಿ ಹೇಳಿ ಬಾಯಿ ಬತ್ತಿದ ಮೇಲೆ ಆಕೆ ಟೈಲರಣ್ಣನ ಹತ್ತಿರ ಹೋದಳು. ಗುಡ್ಡದ ಬುಡದ ತಿರುವಿನಲ್ಲಿ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ. ಅವನು ಮುಚ್ಚಳದ ಸುತ್ತಳತೆ ತೆಗೆದು, ಸೀಟಿಗೆ ಹಾಕುವ ದಪ್ಪ ರೆಕ್ಸಿನ್ನಿನಲ್ಲಿ ಎರಡು ಮಡಿಕೆಯ ಪಟ್ಟಿ ಹೊಲಿದು ಕೊಟ್ಟ.

"ಮನುಷ್ಯರಿಗೆ ಹೊಲಿದು ಹೊಲಿದು ಸಾಕಾಗಿತ್ತು, ಈಗ ಲಾರಿಗೂ ಟೋಪಿ ಹೊಲಿದೆ" ಎಂದು ನಕ್ಕಿದ್ದ. "ನೋಡಕ್ಕಾ, ಮುಕ್ಕಾಲು ತುಂಬಿಸಿದ್ರೆ ಒಂದು ಹನಿ ಚೆಲ್ಲಲ್ಲ. ಕಂಠಮಟ್ಟ ತುಂಬಿಸ್ಕೊಂಡು ಬಂದು ನನ್ನ ಬಯ್ಯಬೇಡ."

ಅಂದಿನಿಂದ ಆಕೆ ಮುಕ್ಕಾಲೇ ತುಂಬಿಸುತ್ತಿದ್ದಳು. ಗುಡ್ಡಕ್ಕೆ ಬೆಂಕಿ ಬೀಳುವವರೆಗೆ.

ಬೆಂಕಿ ಮೊದಲು ಗುಡ್ಡದ ಆಚೆ ಬದಿಯಲ್ಲಿತ್ತು. ಅಡುಗೆಮನೆಯ ಕಿಟಕಿಯಿಂದ ಹೊಗೆಯಷ್ಟೇ ಕಾಣುತ್ತಿತ್ತು. ಆಮೇಲೆ ಹಗ್ಗದ ಮೇಲಿನ ಬಟ್ಟೆಗೆ ಬೂದಿ ಕೂತಿತು. ಆಕೆಯ ಅತ್ತೆ ಒಗೆದ ಸೀರೆಯನ್ನೇ ಮತ್ತೆ ಒಗೆದು, "ಇದು ಬರೋ ಲಕ್ಷಣ ಕಣೇ" ಎಂದರು. ಗಾಳಿ ತಿರುಗಿದ ದಿನ ಅದು ಬಂದೇ ಬಂತು.

ಗುಡ್ಡದ ಹೆಗಲ ಮೇಲೆ ಆಸ್ಪತ್ರೆ. ಹಾಸಿಗೆ ಹಿಡಿದವರನ್ನು ಇನ್ನೂ ಕೆಳಗಿಳಿಸುತ್ತಿದ್ದರು. ಅದರ ಹಿಂದಿನ ಗೋಡೆಯ ಬಳಿ ಅಗ್ನಿಶಾಮಕದವರ ಎಂಜಿನ್ ನಿಂತಿತ್ತು. ಎಂಜಿನ್ನಿಗೆ ಕೈ ಉದ್ದ, ಹೊಟ್ಟೆ ಚಿಕ್ಕದು. ನೀರನ್ನು ಮಹಡಿಯೆತ್ತರಕ್ಕೆ ಎಸೆಯುತ್ತದೆ, ಆದರೆ ಒಳಗಿನ ನೀರು ನೋಡನೋಡುತ್ತಲೇ ಮುಗಿಯುತ್ತದೆ. ಟ್ಯಾಂಕರಿಗೆ ಬರೀ ಹೊಟ್ಟೆ, ಕೈಯೇ ಇಲ್ಲ. ಹಿಂದುಗಡೆ ಮೊಣಕಾಲೆತ್ತರದಲ್ಲಿ ಒಂದು ವಾಲ್ವ್, ತೊಟ್ಟಿ ತುಂಬಿಸಲು ಒಂದು ಪೈಪು, ಅಷ್ಟೇ. ಕೆಳಗಿನ ಬಾವಿಯಿಂದ ನೀರು ತುಂಬಿಸಿಕೊಂಡು ಹೋಗಿ ಎಂಜಿನ್ನಿಗೆ ಕುಡಿಸುವುದು ಆಕೆಯ ಕೆಲಸವಾಗಿತ್ತು.

"ದಾರೀಲಿ ಯಾರು ಕೈ ಅಡ್ಡ ಹಾಕಿದ್ರೂ ನಿಲ್ಲಿಸಬೇಡಕ್ಕಾ" ಎಂದಿದ್ದ ಎಂಜಿನ್ನಿನ ಮುಖ್ಯಸ್ಥ. "ನೀನು ತಡ ಮಾಡಿದ್ರೆ ನಮ್ಮ ಹುಡುಗರು ಬೆಂಕಿ ಮುಂದೆ ಒಣ ಪೈಪ್ ಹಿಡ್ಕೊಂಡು ನಿಂತಿರ್ತಾರೆ."

ಆಕೆ ಕಂಠಮಟ್ಟ ತುಂಬಿಸಿಕೊಂಡು ಹೊರಟಳು. ಟೈಲರಣ್ಣನ ತಿರುವಿಗೆ ಬಂದಾಗ ಅವನ ಮನೆಯ ಮಾಡು ಹೊತ್ತಿಕೊಂಡಿತ್ತು. ಅವನು ಖಾಲಿ ಬಕೆಟ್ ಹಿಡಿದು ಬೀದಿಯಲ್ಲಿ ನಿಂತಿದ್ದ. ಟ್ಯಾಂಕರ್ ಕಂಡದ್ದೇ ಬಕೆಟ್ ಎಸೆದು ಎರಡೂ ಕೈ ಎತ್ತಿದ. ಆಕೆಯ ಕಾಲು ಬ್ರೇಕಿನ ಮೇಲೆ ಹೋಯಿತು, ಗಾಡಿ ಒಂದು ಗಳಿಗೆ ನಿಧಾನವಾಯಿತು. ಆಮೇಲೆ ಗೇರ್ ಬದಲಿಸಿ ಹೊರಟೇಹೋದಳು.

ಆಸ್ಪತ್ರೆ ಉಳಿಯಿತು. ಟೈಲರಣ್ಣನ ಮನೆಯಲ್ಲಿ ಗೋಡೆಗಳಷ್ಟೇ ಉಳಿದವು.

ಎದುರು ಮಹಡಿಯಿಂದ ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದಿದ್ದರು. ಕೈ ಎತ್ತಿದ ಮನುಷ್ಯ, ಉರಿಯುವ ಮನೆ, ನಿಲ್ಲದೆ ಹೋದ ಟ್ಯಾಂಕರ್. ಮಾರನೆಯ ದಿನ ಅದು ಎಲ್ಲರ ಕೈಯಲ್ಲೂ ಇತ್ತು. ಗುಡ್ಡವನ್ನು ಕಣ್ಣಲ್ಲೂ ನೋಡದವರು ಬೆಂಕಿ ಆರಿಸುವ ದಾರಿ ಹೇಳಿಕೊಟ್ಟರು. ಟ್ಯಾಂಕರನ್ನು ಮನೆಯ ಪಕ್ಕ ಉರುಳಿಸಬೇಕಿತ್ತು ಎಂದರು. ಗುಡ್ಡದ ಪಕ್ಕ ಮನೆ ಕಟ್ಟಿದ್ದೇ ತಪ್ಪು ಎಂದು ಒಬ್ಬರು, ಮೊದಲೇ ಮರ ಕಡಿಯಬೇಕಿತ್ತು ಎಂದು ಇನ್ನೊಬ್ಬರು, ಮರ ಕಡಿದದ್ದರಿಂದಲೇ ಹೀಗಾಯಿತು ಎಂದು ಮತ್ತೊಬ್ಬರು. ಹೆಂಗಸಿನ ಕೈಗೆ ಲಾರಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಹಲವರು.

ಆಕೆ ಒಂದು ಸಲ ಉತ್ತರ ಬರೆದಳು. ಟ್ಯಾಂಕರಿಗೆ ಪಂಪಿಲ್ಲ, ನೀರು ಮಾಡಿಗೆ ಏರುವುದಿಲ್ಲ ಎಂದು ನಿಧಾನವಾಗಿ, ತಪ್ಪಿಲ್ಲದೆ ಬರೆದಳು. 'ಓಹೋ, ಟ್ಯಾಂಕರಿಗೂ ಬಾಯಿ ಬಂತು' ಎಂದು ಯಾರೋ ಕೆಳಗೆ ಬರೆದರು. ಆ ಸಾಲನ್ನು ಜನ ಎಷ್ಟು ಮೆಚ್ಚಿದರೆಂದರೆ, ಆಕೆ ಬರೆದದ್ದನ್ನು ಯಾರೂ ಓದಲಿಲ್ಲ.

ದೂರದ ಊರಿನ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದ ತಮ್ಮನೂ ಫೋನ್ ಮಾಡಿದ.

"ಅಕ್ಕಾ, ತಪ್ಪು ತಿಳ್ಕೋಬೇಡ..."

"ತಪ್ಪು ತಿಳ್ಕೋಬೇಡ ಅಂತ ಶುರುವಾದ ಮಾತು ಯಾವತ್ತಾದ್ರೂ ಸರಿಯಾಗಿ ಮುಗಿದಿದ್ದುಂಟೇನೋ?"

"ಅಲ್ವೇ, ಇಲ್ಲಿ ಎಲ್ರೂ ಕೇಳ್ತಿದ್ದಾರೆ. ಪೈಪನ್ನ ಸ್ವಲ್ಪ ಮೇಲಕ್ಕೆ ಹಿಡಿದಿದ್ರೆ...?"

"ಒಂದು ಕೆಲಸ ಮಾಡು. ಕೊಡದ ತಳಕ್ಕೆ ತೂತು ಹೊಡಿ, ಅದಕ್ಕೊಂದು ಪೈಪ್ ಸಿಗಿಸಿ ಮೇಲಕ್ಕೆ ಹಿಡಿ. ನೀರು ನಿನ್ನ ಅಟ್ಟ ಹತ್ತಿದ್ರೆ ಫೋನ್ ಮಾಡು, ಬಂದು ನಿನ್ನ ಕಾಲು ಹಿಡೀತೀನಿ."

ಆದರೂ ತಮ್ಮ ಫೋನ್ ಇಡುವ ಮುಂಚೆ, "ಮರಳಾದ್ರೂ ಹಾಕಬಹುದಿತ್ತೇನೋ" ಎಂದ.

ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. "ಉರಿಯೋ ಮನೇಲಿ ಗಳ ಹಿರಿಯೋರು ನಮ್ಮ ಕಾಲದಲ್ಲೂ ಇದ್ರು. ಅವರು ಬಿಸಿಯಾದ್ರೂ ತಾಗಿಸ್ಕೊತಿದ್ರು. ಇವರು ಮಂಚದ ಮೇಲೆ ಮಲಗಿ ಹಿರೀತಾರಲ್ಲೇ!"

ಆಕೆಗೆ ನಗು ಬರಬೇಕಿತ್ತು, ಬರಲಿಲ್ಲ. ಪಾತ್ರೆ ತೊಳೆಯುವಾಗಲೂ ಯಾರೊಂದಿಗೋ ಜಗಳವಾಡುತ್ತಿರುವಂತೆ ಕೈ ಬಡಬಡ ಆಡುತ್ತಿತ್ತು. ಬೈದವರಿಗಿಂತ ಆಕೆಗೆ ಹೆಚ್ಚು ಉರಿದದ್ದು ಪರವಾಗಿ ಮಾತಾಡಿದವರ ಮೇಲೆ. 'ಪಾಪ, ಟ್ಯಾಂಕರ್ ಖಾಲಿ ಇದ್ದಿರಬೇಕು' ಎಂದು ಅವರು ಬರೆಯುತ್ತಿದ್ದರು.

ಆ ಮಾತು ಕಚೇರಿಯ ಸೂಪರ್‌ವೈಸರಿಗೂ ಇಷ್ಟವಾಗಿಬಿಟ್ಟಿತು. ಆಕೆಯನ್ನು ಕರೆದು, ಬಾಗಿಲು ಮುಚ್ಚಿ, ಕುರ್ಚಿ ತೋರಿಸಿದ. ಅಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಆಕೆ ಕೂತದ್ದು ಅದೇ ಮೊದಲು.

"ನಾಳೆ ಮಧ್ಯಾಹ್ನ ಟೀವಿಯವರು ಬರ್ತಾರಮ್ಮ. ಖಾಲಿ ಇತ್ತು ಅಂದ್ಬಿಡು. ಅಲ್ಲಿಗೆ ಮುಗೀತು."

"ತುಂಬಿತ್ತಲ್ಲ ಸಾರ್."

"ನಂಗೊತ್ತಿಲ್ವಾ? ಪಂಪು, ವಾಲ್ವು ಅಂತ ವಿವರಿಸ್ತಾ ಕೂತ್ರೆ ಕೇಳೋ ತಾಳ್ಮೆ ಯಾರಿಗಿದೆ? ಖಾಲಿ ಅನ್ನೋದು ಮಗುಗೂ ಅರ್ಥ ಆಗುತ್ತೆ. ನೀನು ಹಾಗೆ ಹೇಳದೇ ಹೋದ್ರೆ ಗಾಡಿ ಕೀಲಿ ಇಸ್ಕೋ ಅಂತ ಮೇಲಿಂದ ಹೇಳಿದ್ದಾರೆ."

"ನಿಲ್ಲಿಸಬೇಡ ಅಂದಿದ್ದು ಎಂಜಿನ್ನಿನ ಮುಖ್ಯಸ್ಥರೇ ಅಲ್ವಾ ಸಾರ್?"

"ಅದನ್ನೂ ಟೀವಿ ಮುಂದೆ ಹೇಳ್ಬೇಡ" ಎಂದ ಸೂಪರ್‌ವೈಸರ್.

ಕೀಲಿ ಹೋದರೆ ಮನೆ ನಡೆಯುವುದಿಲ್ಲ. ಹಾಸಿಗೆಯ ಮೇಲಿದ್ದ ಗಂಡ ಎಲ್ಲವನ್ನೂ ಕೇಳಿ, "ಖಾಲಿ ಅಂದ್ರೆ ಯಾರ ಗಂಟು ಹೋಗುತ್ತೆ?" ಎಂದ. ಯಾರದ್ದೂ ಹೋಗುವುದಿಲ್ಲ ಎಂದು ಆಕೆಗೂ ಅನಿಸಿತು. ಆದರೆ ಆ ಮಾತು ಟೀವಿಯಿಂದ ಟೈಲರಣ್ಣನ ಕಿವಿಗೂ ಬೀಳುತ್ತದೆ. ಆಮೇಲೆ ದಿನಾ ಅದೇ ತಿರುವಿನಲ್ಲಿ ಗಾಡಿ ತಿರುಗಿಸಬೇಕು. ಊರು ಏನಾದರೂ ತಿಳಿದುಕೊಳ್ಳಲಿ, ಅವನಿಗೆ ಮಾತ್ರ ನಿಜವನ್ನು ತಾನೇ ಮೊದಲು ಹೇಳಬೇಕು ಎಂದುಕೊಂಡಳು.

ಬೆಳಿಗ್ಗೆ ಸುಟ್ಟ ಬೀದಿ ತೊಳೆಯಲು ನೀರು ಬೇಕಿತ್ತು. ಆಕೆ ಟ್ಯಾಂಕರ್ ತಂದು ತಿರುವಿನಲ್ಲಿ ನಿಲ್ಲಿಸಿದಳು. ಟೈಲರಣ್ಣ ಒಳಗೆ ಬೂದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೊಲಿಗೆ ಯಂತ್ರದ ಚಕ್ರವನ್ನು ತಿಕ್ಕುತ್ತಿದ್ದ. ಅದು ತಿರುಗುತ್ತಿರಲಿಲ್ಲ. ಅವನು ತಲೆಯೆತ್ತಿ ನೋಡಿ ಮತ್ತೆ ತಿಕ್ಕತೊಡಗಿದ.

"ಟೈಲರಣ್ಣ, ಅವತ್ತು ಟ್ಯಾಂಕರ್ ಖಾಲಿ ಇರಲಿಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ರಸ್ತೆ ಹೇಳ್ತು. ಈ ತಿರುವಲ್ಲಿ ನೀರು ಚೆಲ್ಕೊಂಡು ಹೋದ್ಯಲ್ಲ. ಆ ಪಟ್ಟಿ ಹೊಲಿದೋನಿಗೆ ಗೊತ್ತಾಗಲ್ವಾ, ಕಂಠಮಟ್ಟ ತುಂಬಿಸಿದ್ದೀಯ ಅಂತ? ಖಾಲಿ ಇತ್ತು, ಪಾಪ, ಅಂತ ನನಗೇ ಬಂದು ಹೇಳಿ ಹೋಗ್ತಿದ್ದಾರೆ ಜನ. ಹೂಂ ಅಂತಿದ್ದೀನಿ."

ಆಕೆ ಗಾಡಿಯ ಹಿಂದಕ್ಕೆ ಹೋಗಿ ವಾಲ್ವ್ ತಿರುಗಿಸಿದಳು. ಪೈಪನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಮಾಡು ಇದ್ದ ಕಡೆಗೆ ತೋರಿಸಿದಳು. ನೀರು ಬಳಬಳ ಬಂದು ಆಕೆಯ ಪಾದದ ಮುಂದೆಯೇ ಬಿತ್ತು. ಕಿಟಕಿಯ ಕಟ್ಟೆಯನ್ನೂ ಮುಟ್ಟಲಿಲ್ಲ. ಬೂದಿ ಕಲಸಿಕೊಂಡು ಕಪ್ಪಗೆ ಹರಿಯಿತು.

ಟೈಲರಣ್ಣ ಎದ್ದು ಬಂದು ಅದನ್ನೇ ನೋಡಿದ.

"ಇಷ್ಟೇನಾ?"

"ಇಷ್ಟೇ ಟೈಲರಣ್ಣ."

ಅವನು ಕಾಲಿನಿಂದ ಕಪ್ಪು ನೀರನ್ನು ಬದಿಗೆ ಸರಿಸಿದ. "ಆದ್ರೂ ನೀನು ನಿಲ್ಲಿಸಬೇಕಿತ್ತು ಕಣಕ್ಕಾ. ಏನೂ ಆಗ್ತಿರಲಿಲ್ಲ ಅಂತಾನೇ ಇಟ್ಕೋ. ನಿಲ್ಲಿಸಿ, ಆಗಲ್ಲ ಅಂತ ಒಂದು ಮಾತು ಹೇಳಿ ಹೋಗ್ಬೇಕಿತ್ತು."

ಅಷ್ಟು ದಿನ ಎಲ್ಲರಿಗೂ ಮನಸ್ಸಿನಲ್ಲೇ ಎದುರುತ್ತರ ಕೊಟ್ಟುಕೊಂಡು ತಿರುಗುತ್ತಿದ್ದ ಆಕೆಗೆ ಇದಕ್ಕೆ ಉತ್ತರ ಹುಡುಕಬೇಕೆಂದೇ ಅನಿಸಲಿಲ್ಲ.

"ಹೂಂ" ಎಂದಳು.

"ಅವರೆಲ್ಲ ಯಾರು ನಿನ್ನ ಬಯ್ಯೋಕೆ? ನಾನು ಬಯ್ಯಬೇಕು."

"ಬಯ್ಯಿ ಟೈಲರಣ್ಣ."

"ಬೈದಾಯ್ತಲ್ಲ. ವಾಲ್ವ್ ನಿಲ್ಲಿಸು, ಮುಂದಿನ ಮನೆಯೋರಿಗೆ ನೀರು ಬೇಡ್ವಾ?"

ಆಕೆ ಅಲ್ಲಿಂದಲೇ ಸೂಪರ್‌ವೈಸರಿಗೆ ಫೋನ್ ಮಾಡಿ, ತುಂಬಿತ್ತು ಎಂದೇ ಹೇಳುತ್ತೇನೆ ಎಂದಳು. ಅವನು ಒಂದೇ ಉಸಿರಿಗೆ ಏನೇನೋ ಅಂದ, ಜನ ಹರಿದು ತಿನ್ನುತ್ತಾರೆ ಅಂದ, ಕೀಲಿ ಅಂದ.

"ಮಧ್ಯಾಹ್ನ ಕೀಲಿ ತಂದು ಮೇಜಿನ ಮೇಲಿಡ್ತೀನಿ ಸಾರ್. ಅಲ್ಲೀವರೆಗೆ ಈ ಬೀದಿಗೆ ನೀರು ಹಾಕೋರು ಬೇರೆ ಯಾರಿದ್ದಾರೆ?"

ಅವನ ಹತ್ತಿರ ಬೇರೆ ಯಾರೂ ಇರಲಿಲ್ಲ. ಫೋನ್ ಕಟ್ಟಾಯಿತು.

ಮುಂದಿನ ಮನೆಗಳಿಗೆ ನೀರು ಬಿಟ್ಟು ಮುಗಿಸಿ, ಕೆಳಗಿನ ಬಾವಿಯಿಂದ ಮತ್ತೆ ತುಂಬಿಸಿಕೊಂಡಳು. ಮಧ್ಯಾಹ್ನದೊಳಗೆ ಬೀದಿ ಮುಗಿಯಬೇಕಿದ್ದುದರಿಂದ ಈ ಸಲವೂ ಕಂಠಮಟ್ಟ. ತಿರುವಿಗೆ ಬಂದಾಗ ಸುಟ್ಟ ಗುಡ್ಡ ನೋಡಲು ಬಂದವರ ಕಾರೊಂದು ಅಲ್ಲಿ ನಿಂತಿತ್ತು. ಗಾಡಿ ಹೊರಳಿತು, ಮುಚ್ಚಳದಿಂದ ನೀರು ಧೊಪ್ಪನೆ ರಸ್ತೆಗೆ ಬಿತ್ತು. ಕಾರಿನ ಬಳಿ ನಿಂತಿದ್ದವನು ಕೂಡಲೇ ಮೊಬೈಲ್ ಎತ್ತಿ ಹಿಡಿದ.

"ನೋಡ್ರಪ್ಪಾ, ನೋಡಿ! ಜನ ನೀರಿಲ್ದೆ ಸಾಯ್ತಿದ್ರೆ ಇವರು ಹೇಗೆ ರಸ್ತೆಗೆ ಚೆಲ್ತಿದ್ದಾರೆ! ಏನಮ್ಮಾ, ಕಣ್ಣು ಕಾಣಲ್ವಾ?"

ಮುಚ್ಚಳ, ಪಟ್ಟಿ, ಮುಕ್ಕಾಲು, ಕಂಠಮಟ್ಟ ಎಲ್ಲವೂ ಒಟ್ಟಿಗೇ ಆಕೆಯ ಬಾಯಿಗೆ ಬಂದವು. ಗಾಡಿಯಿಂದ ಇಳಿದು ಹೇಳಿಬಿಡೋಣ ಎಂದು ಬಾಗಿಲಿನ ಹಿಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಬೀದಿಯ ಆ ಕೊನೆಯಿಂದ ಯಾರೋ ಮುದುಕಿ ಕೊಡ ಎತ್ತಿ ತೋರಿಸಿ ಕೂಗಿದಳು.

ಆಕೆ ಬಾಗಿಲು ಬಿಟ್ಟು ಹಾರನ್ ಒತ್ತಿದಳು. ಮೊಬೈಲಿನವನು ಬೆಚ್ಚಿ ಪಕ್ಕಕ್ಕೆ ಹಾರುವವರೆಗೂ ಕೈ ತೆಗೆಯಲಿಲ್ಲ.