ತಗಡು ಹೊದ್ದ ಅರ್ಧ ಮನೆ

"ಗೋಡೆ ಮೂರಡಿ ದಪ್ಪ, ಕಿಟಕಿಗೂ ಕಲ್ಲಿನ ಕಂಬಿ. ಆದ್ರೂ ಈ ಮನೆ ಜೀವ ಇರೋದು ಮೇಲಿನ ಮಾಡಿನಲ್ಲಿ ಕಣೇ. ಸೂರಿನ ಹತ್ರ ಇಬ್ರು ಹೊರೋ ಅಂಥ ಕಲ್ಲುಚಪ್ಪಡಿ, ಮೇಲಕ್ಕೆ ಹೋಗ್ತಾ ಹೋಗ್ತಾ ಚಿಕ್ಕದು, ನೆತ್ತೀಲಿ ಅಂಗೈಯಗಲ. ಒಂದೊಂದೂ ಮರದ ಗೂಟಕ್ಕೆ ನೇತುಬಿದ್ದಿರತ್ತೆ. ಸಂದಿಗೆ ಹಾವಸೆ, ಅದೇ ಜೌಗಿನ ಪಾಚಿ, ತುರುಕದಿದ್ರೆ ಹಿಮ ಪುಡಿಪುಡಿಯಾಗಿ ಹಾಸಿಗೆ ಮೇಲೇ ಉದುರತ್ತೆ. ಅಪ್ಪ ಹೋದ್ಮೇಲೆ ಆ ಕೆಲಸ ನಂದು. ತಮ್ಮನ ಕಡೇದೂ ನಾನೇ ಮಾಡ್ತೀನಿ. ಒಂದೇ ಮಾಡು ಅಲ್ವಾ, ಅದರಲ್ಲೇನು ಅವನ್ದು ನಂದು."

ಡೈನಾ ಆಲ್ಡರ್ಸನ್ ನನ್ನ ಹತ್ತಿರ ಹೀಗೆ ಹೇಳುತ್ತಿದ್ದಳು. ಯಾರ್ಕ್‌ಷೈರಿನ ನಮ್ಮ ಕಣಿವೆಯಲ್ಲಿ ಅವರದು ಎಲ್ಲಕ್ಕಿಂತ ಉದ್ದದ ಮನೆ. ಅಪ್ಪ ಸಾಯುವಾಗ ಮೂಡಣ ಭಾಗವನ್ನು ಮಗ ಆಂಬ್ರೋಸನಿಗೂ ಪಡುವಣ ಭಾಗವನ್ನು ಮದುವೆಯಾಗದ ಮಗಳಿಗೂ ಬಿಟ್ಟಿದ್ದ.

ಯುದ್ಧ ಮುಗಿದ ಮರುವರ್ಷ ಆಂಬ್ರೋಸನ ಹೆಂಡತಿ ಈನಿಡ್ ತಮ್ಮ ಕಡೆಗೊಂದು ಹೊಸ ಕೋಣೆ ಕಟ್ಟಿಸಿದಳು. ಗೋಡೆಯೇನೋ ಎದ್ದಿತು. ಅದರ ಮಾಡಿಗೆ ಬೇಕಾದ ಚಪ್ಪಡಿ ಕಲ್ಲಿನ ಗಣಿ ಮಾತ್ರ ಮುಚ್ಚಿ ಹೋಗಿತ್ತು. ಅದೇ ಸಮಯಕ್ಕೆ ಆಂಬ್ರೋಸ್ ಬಂದು, "ಅಕ್ಕಾ, ನಿನ್ ಕಡೆ ಜಂತಿ ಕೊಳೆತಿವೆ. ಚಪ್ಪಡಿ ಇಳಿಸಿ, ಜಂತಿ ಬದಲಾಯಿಸಿ, ವಾಪಸ್ ಇಡಿಸ್ತೀನಿ. ಅಷ್ಟರಲ್ಲಿ ನೀನು ಹಾವಸೆ ತಂದುಬಿಡು" ಎಂದ.

ಡೈನಾ ಗುಡ್ಡದಾಚೆ ಸೋದರತ್ತೆಯ ಮನೆಯಲ್ಲಿ ಉಳಿದು, ಜೌಗಿನಲ್ಲಿ ಬಗ್ಗಿ ಬಗ್ಗಿ ಹಾವಸೆ ಕಿತ್ತಳು. ಗಾಡಿಯಲ್ಲಿ ಮೂಟೆ ಹೇರಿಕೊಂಡು ತಿರುಗಿ ಬಂದಾಗ ಅವಳ ಭಾಗದ ಮೇಲೆ ತಗಡು ಹೊಳೆಯುತ್ತಿತ್ತು. ಅವಳ ಚಪ್ಪಡಿಗಳು ಹೊಸ ಕೋಣೆಯ ಮೇಲೆ ಸಾಲಾಗಿ ಕೂತಿದ್ದವು.

"ಏನೋ ಇದು?"

"ತಗಡು ಅಕ್ಕಾ. ಹೊಸದು. ಹಾವಸೆ ಗೀವಸೆ ಏನೂ ಬೇಡ, ನಿಂಗೂ ಕೆಲಸ ಉಳೀತು."

ಈನಿಡ್ ಬಾಗಿಲಲ್ಲಿ ನಿಂತೇ ಹೇಳಿದಳು. "ಒಬ್ರಿಗೆ ಅಷ್ಟು ಭಾರದ ಮಾಡು ಯಾಕೆ ಅತ್ತಿಗೆ? ಬನ್ನಿ, ಚಹಾ ಮಾಡಿದೀನಿ."

ಡೈನಾ ಆ ಕಡೆ ನೋಡಲಿಲ್ಲ. "ನನ್ನನ್ನ ಗುಡ್ಡಕ್ಕೆ ಕಳಿಸಿದ್ದು ಇದಕ್ಕೇನೋ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅರ್ಧ ಕೊಡ್ತಿದ್ದೆ ಕಣೋ. ಬಾಯಿಬಿಟ್ಟು ಕೇಳಿದ್ರೆ ಪೂರ್ತಿ ಕೊಡ್ತಿದ್ದೆನೋ ಏನೋ."

ಆಂಬ್ರೋಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಗಾಡಿಯ ಕಡೆ ಕೈ ತೋರಿಸಿ, "ಮೂಟೆ ಇಳಿಸ್ಲಾ? ಹೊಸ ಕೋಣೆಗೆ ಹಾವಸೆ ತುರುಕಬೇಕಲ್ಲ, ನಿನ್ನ ಹಾಗೆ ಇನ್ಯಾರಿಗೂ ಬರಲ್ಲ" ಎಂದ.

"ಇಳಿಸ್ಕೋ. ತುರುಕೋದು ನೀನೇ ಕಲಿ."

ಅವಳು ಒಳಗೆ ಹೋದಳು. ಎರಡೂ ಭಾಗಗಳ ನಡುವಿನ ಬಾಗಿಲಿಗೆ ಅಗಳಿ ಇತ್ತು, ಅದನ್ನು ಯಾರೂ ಹಾಕಿದ್ದೇ ಇಲ್ಲ. ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಬಡಿದು ಅಗಳಿ ಜಡಿದಳು. ಈ ತನಕ ಮೂವರ ಊಟಕ್ಕೂ ಅವಳೇ ಆಲೂಗಡ್ಡೆ ಹೆರೆಯುತ್ತಿದ್ದಳು. ಈಗ ಬುಟ್ಟಿಯಿಂದ ಎರಡೇ ಎರಡು ಆರಿಸಿ, ತೊಳೆದು, ಕಿಟಕಿಯ ಬಳಿ ಕೂತು ಸಿಪ್ಪೆ ತೆಗೆಯತೊಡಗಿದಳು.