ಕಂಪೈಲರ್ ಓದದ ಸಾಲುಗಳು

ನನ್ನ ವಾರಗಿತ್ತಿ ಬರೆದ ಪ್ರೋಗ್ರಾಮನ್ನು ಚೊಕ್ಕ ಮಾಡಿಕೊಡುತ್ತೇನೆ ಅಂತ ಹಟ ಹಿಡಿದವಳು ನಾನೇ. ಅವಳು ಕೇಳಿರಲಿಲ್ಲ.

ನಾನಿರೋದು ಕಡೂರಿನಲ್ಲಿ, ಅವಳು ಶಿವನಿ ಹತ್ತಿರದ ತೋಟದಲ್ಲಿ. ಅಲ್ಲಿ ನಾಲ್ಕಾರು ಮನೆಗಳ ತೆಂಗಿಗೆ ಒಂದೇ ಬೋರು. ತ್ರೀ ಫೇಸ್ ಕರೆಂಟು ಬೆಳಿಗ್ಗೆ ಒಂದಿಷ್ಟು ಹೊತ್ತು, ಮಧ್ಯಾಹ್ನ ಒಂದಿಷ್ಟು ಹೊತ್ತು. ಯಾರಿಗೆ ಯಾವ ವಾರ ಯಾವ ಹೊತ್ತು ಅಂತ ಜಗಳ ಬೇಡವೆಂದು ಅವಳು ಪರ್ಲ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದಳು. ಪ್ರತಿ ಭಾನುವಾರ ಅದು ಎಲ್ಲರ ಫೋನಿಗೂ ಸರದಿ ಕಳಿಸುತ್ತಿತ್ತು. ಪರ್ಲ್ ಕಲಿಸಿದವಳು ನಾನು. ಆಫೀಸಿನ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಆ ಭಾಷೆಯಲ್ಲೇ ಸರ್ವೀಸು ಕಳೆದವಳು.

ಒಂದು ಸಲ ಹೋದಾಗ ಆ ಫೈಲು ತೆಗೆದು ನೋಡಿದೆ. ದೇವರೇ, ಏನು ಅವತಾರ. ಅಂಚು ಬಿಟ್ಟು ಬರೆಯುವ ಇಂಡೆಂಟೇಷನ್ ಇಲ್ಲ, ಕೋಡಿಗಿಂತ ಅದರ ಪಕ್ಕ ತನ್ನ ನೆನಪಿಗೆ ಬರೆದುಕೊಂಡ ಕಾಮೆಂಟುಗಳೇ ಉದ್ದ. ಅವೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಒಂದು ಸ್ಪೆಲ್ಲಿಂಗೂ ಇನ್ನೊಂದರಂತಿಲ್ಲ.

"ಇದೇನೇ ಇದು, ಕೋಳಿ ಕೆದರಿದ ಹಾಗಿದೆ?" ಅಂದೆ.

"ನಿನ್ನ ಕಾನ್ವೆಂಟ್ ಕಣ್ಣಿಗೆ ನಮ್ಮದೆಲ್ಲಾ ಕೊಳಕೇ ಕಣೇ. ಓಡ್ತಿದೆ ತಾನೆ? ಬಿಡು," ಅಂತ ಅವಳು ಅಡಿಗೆಮನೆಗೆ ಹೋದಳು.

ನಾನು ಬಿಡಲಿಲ್ಲ. ಪರ್ಲಿನಲ್ಲಿ ಓ ಅನ್ನೋ ಒಂದಕ್ಷರದ ಮಾಡ್ಯೂಲಿದೆ. ನಮ್ಮ ಕಾನ್ವೆಂಟಿನಲ್ಲಿ ಭೇಟಿಗೆ ಬಂದವರು ಕೂರುವ ಪಾರ್ಲರ್ ಬಾಗಿಲಲ್ಲಿ ಒಬ್ಬ ಸಿಸ್ಟರ್ ಕೂತಿರುತ್ತಿದ್ದರು. ಅವರು ತಾವಾಗಿ ಏನೂ ಮಾಡುತ್ತಿರಲಿಲ್ಲ. "ಹೂಮ್ ಡು ಯು ವಾಂಟ್, ಚೈಲ್ಡ್?" ಅಂತ ಕೇಳಿ, ನಾವು ಹೆಸರು ಹೇಳಿದವರನ್ನು ಒಳಗಿನಿಂದ ಕರೆಸುತ್ತಿದ್ದರು. ಓ ಮಾಡ್ಯೂಲೂ ಹಾಗೇ. ನಮ್ಮ ಸ್ಕ್ರಿಪ್ಟನ್ನು ಓಡಿಸದೆ, ಕಂಪೈಲ್ ಮಾತ್ರ ಮಾಡಿಸಿ, ಅಂದರೆ ಯಂತ್ರಕ್ಕೆ ಅರ್ಥವಾಗುವಂತೆ ಓದಿಸಿ, ನಾವು ಹೆಸರು ಹೇಳಿದ ಬ್ಯಾಕೆಂಡಿನ, ಒಳಗೆ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಮಿನ, ಕೈಗೆ ಒಪ್ಪಿಸುತ್ತದೆ. ನಾನು ಕರೆಸಿದ್ದು ಡೀಪಾರ್ಸ್ ಅನ್ನೋ ಬ್ಯಾಕೆಂಡನ್ನು. ಕಂಪೈಲರಿಗೆ ಎಷ್ಟು ಅರ್ಥವಾಗಿದೆಯೋ ಅಷ್ಟನ್ನೇ ಅದು ಮತ್ತೆ ಕೋಡಾಗಿ, ಅಚ್ಚುಕಟ್ಟಾಗಿ ಬರೆದುಕೊಡುತ್ತದೆ. ಕಾಮೆಂಟುಗಳನ್ನು ಕಂಪೈಲರ್ ಓದುವುದೇ ಇಲ್ಲ. ಆದ್ದರಿಂದ ಅವು ವಾಪಸು ಬರುವುದಿಲ್ಲ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಒಂದು ಕ್ಷಣದಲ್ಲಿ ಪರದೆಯ ಮೇಲೆ ಕಾಪಿ ಬುಕ್ಕಿನಂಥ ಸಾಲುಗಳು ಬಂದವು. ಹಳೇ ಫೈಲಿನ ಜಾಗದಲ್ಲಿ ಹೊಸದನ್ನಿಟ್ಟು, ಹಳೇದನ್ನು ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿ ಕಾಫಿಗೆ ಎದ್ದೆ.

ಬೇಸಿಗೆಯ ಶುರುವಿನಲ್ಲಿ, ಶಾಲೆಗೆ ರಜೆ ಬರುವ ಮುಂಚೆ, ವಾರಗಿತ್ತಿ ಕಣ್ಣಿನ ಆಪರೇಷನ್ನಿಗೆಂದು ತರೀಕೆರೆಯ ಮಗಳ ಮನೆಗೆ ಹೋದಳು. ಸರದಿ ನೋಡಿಕೊಳ್ಳಲು ನಾನು ಪ್ಯಾಸೆಂಜರ್ ರೈಲಿನಲ್ಲಿ ಶಿವನಿಗೆ ಬಂದೆ. ಬಂದ ವಾರವೇ ಕೆಳಗಿನ ತೋಟದ ಯಜಮಾನರು ತಕರಾರು ತೆಗೆದರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳ ತೋಟಕ್ಕೆ ಮಾತ್ರ ಯಾವಾಗಲೂ ಬೆಳಗಿನ ನೀರು, ಉಳಿದವರಿಗೆಲ್ಲ ಸರದಿ ಯಾಕೆ ಅಂತ.

"ಶಾಲೆ ಕೆಲಸ ಅನ್ನಬೇಡಿ. ಅವಳು ಕೆಲಸಕ್ಕೆ ಸೇರಿದ್ದು ಮೊನ್ನೆ ಮೊನ್ನೆ. ಈ ವರಸೆ ಮುಂಚಿಂದ್ಲೂ ಇದೆ," ಅಂದರು.

ಪಂಪ್‌ಹೌಸಿನ ಕಟ್ಟೆಯಲ್ಲಿ ಎಲ್ಲರೂ ಸೇರಿದರು. ಬಿಸಿಯೂಟದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ನಮ್ಮ ಮಾವನ ಕಾಲದ ಮಾತದು. ನಾನು ಹೇಳಿದ್ರೆ ನನ್ನ ಪರ ಹೇಳ್ಕೊಂಡಂಗಾಗುತ್ತೆ. ಯಾಕೆ ಅಂತ ಕಂಪ್ಯೂಟರಲ್ಲಿ ಬರೆದಿದೆ ಅಂತ ನಿಮ್ಮ ವಾರಗಿತ್ತಿ ಅಮ್ಮಾವ್ರು ಹೇಳಿದ್ರು. ನೀವೇ ಓದಿಬಿಡಿ," ಅಂದಳು ನನಗೆ.

ಲ್ಯಾಪ್‌ಟಾಪು ತೆರೆದೆ. ಅವಳ ಮನೆಯ ಸಾಲು ಅಲ್ಲೇ ಇತ್ತು, ನೀಟಾಗಿ. ಆ ಮನೆಗೆ ಸದಾ ಬೆಳಿಗ್ಗೆ. ಅಷ್ಟೇ. ಯಾಕೆ ಅನ್ನುವುದಿಲ್ಲ.

"ಇಲ್ಲಿ ಏನೂ ಬರೆದಿಲ್ಲ," ಅಂದೆ.

ಸುಳ್ಳಲ್ಲ. ಆದರೆ ಅಳಿಸಿದ್ದು ನಾನು ಅನ್ನೋದನ್ನ ಹೇಳಲಿಲ್ಲ. ಯಜಮಾನರು ಮೀಸೆಯಲ್ಲೇ ನಕ್ಕರು. "ಬರೆದಿದೆ, ಬರೆದಿದೆ ಅಂತ ಇಷ್ಟು ದಿನ ಚೆನ್ನಾಗಿ ನಂಬಿಸಿದ್ಲು." ಅವಳು ನನ್ನನ್ನೇ ಒಮ್ಮೆ ನೋಡಿ, "ಸರಿ ಬಿಡಿ," ಅಂತ ಹೋದಳು. ಆ ಸಾಲನ್ನು ನನ್ನ ಕೈಯಿಂದಲೇ ತೆಗೆದೆ.

ಸಂಜೆ ತರೀಕೆರೆಗೆ ಫೋನು ಮಾಡಿ ಕಾರಣ ಏನು ಅಂತ ವಾರಗಿತ್ತಿಯನ್ನು ಕೇಳಿದೆ.

"ಏನೋ ಪೈಪಿನ ವಿಷಯ. ಅವಳ ಮಾವ, ನಮ್ಮ ಮಾವ ಮಾತಾಡ್ಕೊಂಡಿದ್ದು. ಸರಿಯಾಗಿ ನೆನಪಿಲ್ಲ ಕಣೇ. ನೆನಪಿರೋದಾಗಿದ್ರೆ ಯಾಕೆ ಬರೆದಿಡ್ತಿದ್ದೆ? ಫೈಲು ನೋಡು."

ಅಳಿಸಿದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ. "ಪಾಪ, ಅವಳನ್ನ ಸುಳ್ಳಿ ಮಾಡಿಬಿಟ್ಯಲ್ಲೇ," ಅಂದಳು.

ಮುಂದಿನ ವಾರ ಬಿಸಿಯೂಟದ ಹೆಂಗಸಿಗೆ ಮಧ್ಯಾಹ್ನದ ಸರದಿ ಬಂತು. ಅವಳು ಶಾಲೆಯಲ್ಲಿ ಅನ್ನ ಬಡಿಸುವ ಹೊತ್ತಿಗೆ ಇಲ್ಲಿ ಮೋಟರು ಓಡಿತು. ಪಾತಿಯಿಂದ ಪಾತಿಗೆ ನೀರು ತಿರುಗಿಸುವವರಿಲ್ಲದೆ ಒಂದೇ ಮರದ ಬುಡದಲ್ಲಿ ಕೆರೆಯಾಗಿ ನಿಂತಿತ್ತು. ನಾನು ಬೇಲಿಯಾಚೆ ನಿಂತು ನೋಡಿದೆ. ಗುದ್ದಲಿ ಹಿಡಿಯಲು ನನಗೆ ಬರುವುದಿಲ್ಲ.

ಭಾನುವಾರ ಮತ್ತೆ ಎಲ್ಲರನ್ನೂ ಕಟ್ಟೆಗೆ ಕರೆದೆ. ಕಾರಣ ಬರೆದಿತ್ತು, ಚೆಂದ ಕಾಣಲಿ ಅಂತ ಅಳಿಸಿದವಳು ನಾನು ಅಂದೆ. ಎಪ್ಪತ್ತು ದಾಟಿದವಳು, ಸ್ಕೂಲು ಹುಡುಗಿಯ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದೆ.

"ಏನು ಬರೆದಿತ್ತು ಹೇಳಿ ಮತ್ತೆ," ಅಂದರು ಯಜಮಾನರು.

"ಓದಲಿಲ್ಲ."

"ಓದದೇ ಅಳಿಸಿದ್ರಾ?"

ಗೊತ್ತಿಲ್ಲದ ಕಾರಣಕ್ಕೆ ನೀರು ಬಿಡಲಾಗುವುದಿಲ್ಲ ಅಂತ ಅವರು ಹೇಳಿದ್ದೂ ನ್ಯಾಯವೇ. ವಾರಗಿತ್ತಿ ಫೋನಿನಲ್ಲೇ ತೀರ್ಮಾನ ಕೊಟ್ಟಳು. ಆ ಹೆಂಗಸಿನ ಮಧ್ಯಾಹ್ನಗಳು ನಮಗೆ, ನಮ್ಮ ಬೆಳಗುಗಳು ಅವಳಿಗೆ.

ಅಲ್ಲಿಂದ ಏಳುವಾಗ ಆ ಹೆಂಗಸು ನೀರಿನ ಮಾತೇ ಎತ್ತಲಿಲ್ಲ. "ಹಂಗಾದ್ರೆ ಬರೆದಿತ್ತು ಅಂದಂಗಾಯ್ತು," ಅಂದಳು, ನನಗಲ್ಲ, ಯಜಮಾನರಿಗೆ.

ಹೊಸ ಸಾಲಿನ ಮೇಲೆ ಒಂದು ಕಾಮೆಂಟು ಬರೆದಿದ್ದೇನೆ. ಯಾರ ಸರದಿ ಯಾರಿಗೆ ಹೋಯಿತು, ಯಾಕೆ, ಅಳಿಸಿದವರು ಯಾರು, ಎಲ್ಲವನ್ನೂ. ಬಹಳ ಉದ್ದವಾಗಿದೆ. ವಾಪಸು ಬಂದ ವಾರಗಿತ್ತಿ ಹೊಸ ಕಣ್ಣಿನಲ್ಲಿ ಅದನ್ನು ಪೂರ್ತಿ ಓದಿದಳು.

"ಇದನ್ನ ಚೊಕ್ಕ ಮಾಡೋಕೆ ಹೋಗ್ಬೇಡ," ಅಂದಳು.